ಕಪ್ಪು ಬೇರಿನ ಸೂಪು, ಅಪ್ಪಯ್ಯನ ಕಾಲು

ಹೈಲ್‌ಬ್ರಾನ್, ಜರ್ಮನಿ
26 ಜನವರಿ 2025, ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರ.

ನಾನು ಇಲ್ಲಿ ಆರಾಮ. ನೀವೆಲ್ಲ ಆರಾಮ ಅಂತ ತಿಳಿದಿದೀನಿ ಅಂತ ಬರೆಯೋ ಹಾಗಿಲ್ಲ, ನಿನ್ನ ಕಾಗದ ಓದಿ ಆಯ್ತಲ್ಲ. ಸುಮಕ್ಕ ಫೋಟೋ ತೆಗೆದು ಕಳಿಸಿದಳು. ಎರಡನೇ ಪುಟದ ಮೇಲೆ ಅವಳ ಕೈಯ ನೆರಳು ಬಿದ್ದು ಎರಡು ಸಾಲು ಕಾಣಲಿಲ್ಲ, ಆದರೆ ಕಾಣಬೇಕಾದ್ದು ಕಂಡಿತು. ಫೋನಿನಲ್ಲಿ ಹೇಳಣ ಅಂದ್ರೆ ಅಪ್ಪಯ್ಯ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತಿರ್ತಾರೆ ಅಂತ ಬರೆದಿದೀಯ. ಸರಿ, ನಾನೂ ಕಾಗದವೇ ಬರೀತೀನಿ. ಇದರ ಫೋಟೋ ಸುಮಕ್ಕನ ವಾಟ್ಸಪ್ಪಿಗೆ ಹಾಕ್ತೀನಿ, ಅವಳು ಬೆಳಿಗ್ಗೆ ಎದ್ದ ಕೂಡಲೇ ಫೋನು ತಂದುಕೊಡಲಿ. ಮೊದಲ ಪುಟಗಳನ್ನ ಅಪ್ಪಯ್ಯನ ಎದುರೇ ಓದು, ಬರೀ ಊಟ ತಿಂಡಿ ಸಮಾಚಾರ. ಕೊನೇ ಪುಟ ಮಾತ್ರ ನೀನೊಬ್ಬಳೇ ಒಳಗೆ ಹೋಗಿ ಓದಿಕೋ.

ಮೊದಲು ನನ್ನ ಕೆನ್ನೆ ವಿಷಯ. ವಿಡಿಯೋದಲ್ಲಿ ಕೆನ್ನೆ ಒಳಕ್ಕೆ ಹೋದ ಹಾಗೆ ಕಂಡಿತು, ಹುಡುಗಿ ಬರೀ ಬ್ರೆಡ್ಡು ತಿಂದು ಒಣಗ್ತಿದಾಳೆ ಅಂತ ಬರೆದಿದೀಯ. ಅದು ಬೆಳಕಿನ ದೋಷ ಅಮ್ಮ. ಇಲ್ಲೀಗ ಬೆಳಿಗ್ಗೆ ಎಂಟಾದರೂ ಸರಿಯಾಗಿ ಬೆಳಕು ಹರಿಯಲ್ಲ, ಸಂಜೆ ಐದೂವರೆಗೆ ದೀಪ ಹಾಕಬೇಕು. ಟ್ಯೂಬ್‌ಲೈಟಿನ ಕೆಳಗೆ ನಿಂತ್ರೆ ಯಾರ ಕೆನ್ನೆಯೂ ಹಾಗೇ. ನಾನು ಎರಡು ಹೊತ್ತು ಬಿಸಿ ಅಡುಗೆ ಮಾಡ್ಕೊಂಡು ತಿಂತಿದೀನಿ. ನಂಬಿಕೆ ಬರಲಿ ಅಂತ ಇವತ್ತು ಮಾಡಿದ್ದನ್ನ ಹೇಳ್ತೀನಿ, ಕೇಳು.

ಇಲ್ಲಿ ಶನಿವಾರ ಸಂತೆ. ಚಳಿಗಾಲ ಅಂದ್ರೆ ಎಲೆಕೋಸು, ಕ್ಯಾರೆಟ್ಟು, ಬೀಟ್‌ರೂಟು, ಮತ್ತೆ ಹೆಸರೇ ಬಾಯಿಗೆ ಬರದ ಗಡ್ಡೆಗಳು. ಅದರಲ್ಲಿ ಒಂದು ಮೂಲೇಲಿ ಕಟ್ಟಿಗೆ ಪುಳ್ಳೆ ಥರ ಏನೋ ಕಂತೆ ಕಟ್ಟಿಟ್ಟಿದ್ರು. ಹೆಬ್ಬೆರಳು ದಪ್ಪ, ಒಂದು ಮೊಳಕ್ಕೆ ಸ್ವಲ್ಪ ಕಮ್ಮಿ ಉದ್ದ, ಕಪ್ಪಗೆ, ಮೈತುಂಬ ಮಣ್ಣು. ಒಲೆಗೆ ಇಡಕ್ಕೆ ಇರಬೇಕು ಅನ್ಕೊಂಡೆ. ಕಿಲೋಗೆ ಐದು ಯೂರೋ ಅಂದ. ಸುಮಾರು ನಾನೂರ ಐವತ್ತು ರೂಪಾಯಿ! ಹೆಸರು ಶ್ವಾರ್ಟ್ಸ್‌ವುರ್ಟ್ಸೆಲ್. ಶ್ವಾರ್ಟ್ಸ್ ಅಂದ್ರೆ ಕಪ್ಪು, ವುರ್ಟ್ಸೆಲ್ ಅಂದ್ರೆ ಬೇರು. ಅಷ್ಟೇ, ಬೇರೇನೂ ಅರ್ಥ ಇಲ್ಲ. ಅಪ್ಪಯ್ಯನ ಹತ್ರ ಒಂದ್ಸಲ ಹೇಳಿಸಿ ನೋಡು, ತಂಬುಲ ಉಗುಳಿ ಬಂದು ಹೇಳಕ್ಕೆ ಹೇಳು.

ನಿನಗೆ ಗುರುತಾಗೋ ಹಾಗೆ ಹೇಳಬೇಕಂದ್ರೆ, ನಮ್ಮ ಮಾಕಳಿ ಬೇರಿನ ಥರ. ಹೊರಗೆ ಕರಿ ಸಿಪ್ಪೆ, ಒಳಗೆ ಬೆಳ್ಳಗೆ. ಮಾಕಳಿಗೆ ನಡುವೆ ನಾರುಕಡ್ಡಿ ಇರತ್ತಲ್ಲ, ಇದಕ್ಕೆ ಇಲ್ಲ. ಆ ಘಾಟು ಪರಿಮಳವೂ ಇಲ್ಲ. ಬೆಂದ ಮೇಲೆ ಎಳೇ ಹಲಸಿನ ಬೀಜಕ್ಕೂ ಬಾಳೆದಿಂಡಿಗೂ ಮಧ್ಯದ್ದೊಂದು ರುಚಿ. ಇಲ್ಲಿಯವರು ಇದನ್ನ ಚಳಿಗಾಲದ ಶ್ಪಾರ್ಗೆಲ್ ಅಂತಾರೆ. ಶ್ಪಾರ್ಗೆಲ್ ಅಂದ್ರೆ ನಮ್ಮ ಶತಾವರಿ ಜಾತೀದು, ಅದರ ಬಿಳೀ ಮೊಳಕೆ ತಿಂತಾರೆ. ಏಪ್ರಿಲ್ಲಿಂದ ಜೂನ್ 24ರ ತನಕ ಊರಿಗೆ ಊರೇ ಅದರ ಹುಚ್ಚು ಹಿಡಿದಿರತ್ತೆ. ಅದು ಕೊಳ್ಳಕ್ಕೆ ಆಗದವರು ಇದನ್ನ ತಿಂತಿದ್ರಂತೆ. ಬಡವರ ಶ್ಪಾರ್ಗೆಲ್ ಅಂತಲೂ ಹೆಸರು. ಈಗ ಐದು ಯೂರೋ ಕೊಟ್ಟು ತಿನ್ನೋ ಬಡವರು ಯಾರೋ ಗೊತ್ತಿಲ್ಲ.

ನನಗೆ ಇದರ ಹುಚ್ಚು ಹಿಡಿಸಿದ್ದು ನಾನು ಕೆಲಸ ಮಾಡೋ ಕಡೆ ಮೂರನೇ ಮಹಡೀಲಿರೋ ಅಜ್ಜಿ. ಹೇಳಿದ್ನಲ್ಲ, ತೊಂಬತ್ತೊಂದು ವರ್ಷ, ಕಿವಿ ಕೇಳಲ್ಲ, ಬಾಯಿ ಮಾತ್ರ ಇಪ್ಪತ್ತರದ್ದು. ನಿನಗೆ ಊಟಕ್ಕೆ ಏನು ಇಷ್ಟ ಅಂತ ಕೇಳಿದ್ದಕ್ಕೆ ಒಂದು ಗಂಟೆ ಇದೇ ಪುರಾಣ. ಯುದ್ಧ ಮುಗಿದ ಮೇಲೆ, 46-47ರ ಚಳಿಗಾಲ, ಇಲ್ಲಿ ತಿನ್ನಕ್ಕೂ ಇರಲಿಲ್ಲ, ಉರಿಸಕ್ಕೂ ಇರಲಿಲ್ಲ. ಆಗ ಇವಳಿಗೆ ಹದಿಮೂರು. ಹಿತ್ತಲಲ್ಲಿ ಇವಳ ಅಮ್ಮ ಈ ಬೇರು ಹಾಕಿದ್ದಳಂತೆ. ಹಿಮ ಬಿದ್ರೂ ಇದು ಮಣ್ಣೊಳಗೆ ಕೊಳೆಯಲ್ಲ. ಮಣ್ಣು ಕಲ್ಲಾಗಬಾರದು ಅಂತ ಮೇಲೆ ದರಗು ಹೊದಿಸಿಡ್ತಿದ್ರಂತೆ, ನಾವು ಶುಂಠಿ ಪಟ್ಟೆಗೆ ಹೊದಿಸೋ ಹಾಗೆ. ಕೀಳೋದೇ ಒಂದು ವಿದ್ಯೆ. ಎಳೆದರೆ ಮುರಿಯತ್ತೆ, ಮುರಿದರೆ ಹಾಲೆಲ್ಲ ಸುರಿದು ಒಣಗತ್ತೆ. ಪಕ್ಕದಲ್ಲಿ ಉದ್ದಕ್ಕೆ ಕಾಲುವೆ ತೆಗೆದು ಕೈಯಲ್ಲಿ ಒರಗಿಸಿಕೊಂಡು ಎತ್ತಬೇಕು. ನಾನು ಅಂದೆ, ನಮ್ಮ ಅಪ್ಪಯ್ಯ ಸುವರ್ಣಗಡ್ಡೆ ಕೀಳೋದೂ ಹೀಗೇ, ಒಂದು ಗಾಯ ಆಗದ ಹಾಗೆ ಎತ್ತುತ್ತಾರೆ ಅಂತ. ಅವಳಿಗೆ ಕೇಳಿಸಲಿಲ್ಲ.

ಹೋದ ಭಾನುವಾರ ಮೊದಲ ಸಲ ಮಾಡಿದೆ, ಕುಲಗೆಟ್ಟು ಹೋಯ್ತು. ಬರಿಗೈಯಲ್ಲಿ ಹೆರೆಯಕ್ಕೆ ಕೂತೆ. ಹೆರೆದ ಕೂಡಲೇ ಬೆಳ್ಳಗೆ ಹಾಲು ಒಸರಿ ಬೆರಳಿಗೆ ಅಂಟಿ, ಐದು ನಿಮಿಷಕ್ಕೆ ಕಂದು ಬಣ್ಣ. ಚಾಕು, ನಲ್ಲಿ, ಒರೆಸೋ ಬಟ್ಟೆ, ಎಲ್ಲಕ್ಕೂ ಅಂಟು. ಹೆರೆದಿಟ್ಟ ಬೇರು ಹೆಚ್ಚಿಟ್ಟ ಬದನೆಕಾಯಿ ಥರ ಕಪ್ಪಾಯ್ತು. ಸೂಪು ಅಂತ ಆಗಿದ್ದು ಪಾತ್ರೆ ತೊಳೆದ ನೀರಿನ ಬಣ್ಣ. ಸೋಮವಾರ ಡ್ಯೂಟಿಗೆ ಹೋದ್ರೆ ನಮ್ಮ ವಾರ್ಡಿನ ದೊಡ್ಡಕ್ಕ ನನ್ನ ಬೆರಳು ನೋಡಿ, ಹೋಗಿ ಕೈ ತೊಳ್ಕೊಂಡು ಬಾ ಅಂತ ಎರಡು ಸಲ ವಾಪಸ್ ಕಳಿಸಿದಳು. ತೊಳೆದ್ರೆ ಹೋಗತ್ತಾ?

ರಾತ್ರಿ ಮಲಗಿದಾಗ ಹೊಳೀತು. ಇದು ಹಲಸಿನ ಮೇಣವೇ! ನೀನು ಹಲಸಿನಹಣ್ಣು ಕೊಯ್ಯಕ್ಕೆ ಮುಂಚೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರೋದು ಎಷ್ಟು ಸಲ ನೋಡಿಲ್ಲ. ಇವತ್ತು ಹಾಗೇ ಮಾಡಿದೆ. ನೀನು ಕಳಿಸಿದ ಎಣ್ಣೆ ತಲೆಗೆ ಅಂತ ಇಟ್ಟಿದ್ದು, ಅದನ್ನೇ ಮೊಣಕೈ ತನಕ ಸವರಿಕೊಂಡೆ. ಒಂದು ಚೂರೂ ಹಿಡೀಲಿಲ್ಲ. ಇಲ್ಲಿಯವರು ರಬ್ಬರ್ ಗ್ಲೌಸು ಹಾಕ್ಕೊಂಡು ಒದ್ದಾಡ್ತಾರೆ. ತೊಂಬತ್ತೊಂದು ವರ್ಷದ ಅಜ್ಜಿಗೇ ಗೊತ್ತಿಲ್ಲದ್ದು ನನಗೆ ಗೊತ್ತಾಯ್ತು ಅಂತ ಒಂದು ಜಂಬ.

ಇನ್ನು ಅಜ್ಜಿ ಹೇಳಿದ ಕ್ರಮ. ಬ್ರಷ್ಷಲ್ಲಿ ಉಜ್ಜಿ ಮಣ್ಣು ತೆಗೆಯೋದು. ಒಂದು ಬೋಗುಣಿ ನೀರಿಗೆ ವಿನಿಗರ್ರೋ ನಿಂಬೆಹಣ್ಣೋ ಹಿಂಡಿ, ಒಂದು ಚಮಚ ಮೈದಾ ಕದಡಿ, ಹೆರೆದ ಹಾಗೆ ಹಾಗೆ ಅದರಲ್ಲಿ ಮುಳುಗಿಸಬೇಕು. ನಾವು ಬಾಳೆಕಾಯಿ, ಬದನೆಕಾಯಿ ಮಜ್ಜಿಗೆ ನೀರಿಗೆ ಹಾಕಲ್ವ, ಅದೇ ಲೆಕ್ಕ. ಆಮೇಲೆ ಬೆಣ್ಣೇಲಿ ಈರುಳ್ಳಿ ಬಾಡಿಸಿ, ಬೇರಿನ ತುಂಡು ಹಾಕಿ, ತರಕಾರಿ ಬೇಯಿಸಿದ ನೀರು ಹೊಯ್ದು ಇಪ್ಪತ್ತೈದು ನಿಮಿಷ. ಚಾಕು ತುದಿ ಚುಚ್ಚಿದ್ರೆ ಸಲೀಸಾಗಿ ಇಳೀಬೇಕು. ರುಬ್ಬಿ, ಸ್ವಲ್ಪ ಕೆನೆ, ಉಪ್ಪು, ಮೇಲೆ ಜಾಯಿಕಾಯಿ ತುರಿ. ಜಾಯಿಕಾಯಿ! ಬಾವಿ ಹತ್ರ ಬಿದ್ದು ಕೊಳೀತಿದ್ದುದನ್ನ ಇಲ್ಲಿ ಪುಟಾಣಿ ಡಬ್ಬಿಗೆ ಹಾಕಿ ಮಾರ್ತಾರೆ. ನಾನು ಬೆಣ್ಣೆ ಬಿಟ್ಟು ತುಪ್ಪ ಹಾಕಿದೆ, ಕೊನೆಗೆ ನಮ್ಮ ತೋಟದ ಕಾಳುಮೆಣಸು ಕುಟ್ಟಿ ಜೀರಿಗೆ ಜೊತೆ ಒಗ್ಗರಣೆ ಕೊಟ್ಟೆ. ಅಜ್ಜಿ ನೋಡಿದ್ರೆ ಇದು ಸೂಪಲ್ಲ ಅಂತಾಳೆ. ಅನ್ನಲಿ. ನಾಳೆ ಅವಳಿಗೊಂದು ಡಬ್ಬಿ ಒಯ್ತೀನಿ, ಮೇಲಿನವರ ಒಪ್ಪಿಗೆ ಕೇಳಿ ಆಗಿದೆ.

ರುಬ್ಬೋದೇ ದೊಡ್ಡ ಕಥೆ. ಇಲ್ಲಿ ಭಾನುವಾರ ಗಲಾಟೆ ಮಾಡೋ ಹಾಗಿಲ್ಲ. ಅಂಗಡಿ ಮುಚ್ಚಿರತ್ತೆ, ಗೋಡೆಗೆ ಮೊಳೆ ಹೊಡೆಯಂಗಿಲ್ಲ, ಹುಲ್ಲು ಕತ್ತರಿಸೋ ಮಿಷನ್ ಓಡಿಸೋ ಹಾಗಿಲ್ಲ. ನಾನು ಬರುವಾಗ ಹೊತ್ತು ತಂದ ನಮ್ಮ ಮಿಕ್ಸಿ ಸದ್ದು ನಿನಗೆ ಗೊತ್ತೇ ಇದೆ, ಕೊಟ್ಟಿಗೇಲಿ ದನ ಬೆದರ್ತಿದ್ವು. ಎರಡು ಟವೆಲ್ ಸುತ್ತಿ, ಮೇಲೆ ದಿಂಬು ಒತ್ತಿ ಹಿಡಿದು ತಿರುಗಿಸಿದೆ. ಮುಗೀತು ಅನ್ನುವಾಗ ಬೆಲ್ಲು. ಕೆಳಗಿನ ಮನೆಯಾತ. ಏನೋ ಕೊರೆಯೋ ಶಬ್ದ ಬಂತಲ್ಲ ಅಂದ. ಎಣ್ಣೆ ಸುರಿಯೋ ಕೈಯಲ್ಲೇ ಬಾಗಿಲು ತೆಗೆದು ನಿಂತಿದ್ದೆ. ಒಂದು ಲೋಟ ಸೂಪು ಕೊಟ್ಟೆ. ನಿಂತಲ್ಲೇ ಕುಡಿದು, ಮುಂದಿನ ಸಲ ಶನಿವಾರ ರುಬ್ಬು, ಆದ್ರೆ ರುಬ್ಬು ಅಂದು ಹೋದ. ಜನ ಒಳ್ಳೆಯವರೇ ಅಮ್ಮ, ಗೌರತ್ತೆ ಹೇಳೋ ಹಾಗೆ ಏನಿಲ್ಲ. ಗೌರತ್ತೆ ತಂದ ಜಾತಕದ ಮಾತು ಈಗ ಬೇಡ, ಆಮೇಲೆ ನೋಡಣ.

ಈ ಬೇರು ಸಕ್ಕರೆ ಕಾಯಿಲೆಯವರಿಗೂ ಆಗಬರತ್ತೆ ಅಂತ ಇಲ್ಲಿ ಹಿಂದಿನಿಂದಲೂ ಹೇಳ್ತಾರೆ. ಆಲೂಗಡ್ಡೇಲಿ ಇರೋ ಥರ ಪಿಷ್ಟ ಇದರಲ್ಲಿ ಇಲ್ಲ, ಇನ್ಯುಲಿನ್ ಅಂತ ಒಂದು ನಾರಿನಂಶ ಇರತ್ತೆ. ಅದು ಸಣ್ಣ ಕರುಳಲ್ಲಿ ಜೀರ್ಣ ಆಗದೆ ಹಾಗೇ ದೊಡ್ಡ ಕರುಳಿಗೆ ಹೋಗತ್ತೆ. ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಹುಳಿ ಬರಿಸಿ ತಿಂತಾವೆ. ರಕ್ತಕ್ಕೆ ಸಕ್ಕರೆ ಏರಲ್ಲ, ಹೊಟ್ಟೆಯೊಳಗೆ ಮಾತ್ರ ಆಗುಂಬೆ ಮಳೆಗಾಲದ ಗುಡುಗು. ಇನ್ಯುಲಿನ್ ಬೇರೆ, ಇನ್ಸುಲಿನ್ ಬೇರೆ, ನೆನಪಿಟ್ಟುಕೋ. ಹಾಗೇ ಇನ್ಸುಲಿನ್ ಬೇರೆ, ನಮ್ಮ ತುಳಸಿಕಟ್ಟೆ ಪಕ್ಕದ ಇನ್ಸುಲಿನ್ ಗಿಡ ಬೇರೆ. ಅಪ್ಪಯ್ಯ ಬೆಳಿಗ್ಗೆ ಎದ್ದು ಅದರ ಎರಡು ಎಲೆ ಜಗಿದು ಮಾತ್ರೆ ಬಿಟ್ಟಿದಾರೆ ಅಂತ ಬರೆದಿದೀಯಲ್ಲ. ಎಷ್ಟು ದಿನ ಆಯ್ತು ಬಿಟ್ಟು? ಅದೇ ಎರಡು ಸಾಲು ನೆರಳಲ್ಲಿ ಹೋಗಿದೆ.

ನೋಡು, ಕೊನೇ ಪುಟಕ್ಕೆ ಅಂತ ಇಟ್ಕೊಂಡಿದ್ದು ಇಲ್ಲೇ ಬಂದುಬಿಡ್ತು. ಹೋಗಲಿ, ಗುಟ್ಟು ಸಾಕು. ಪೂರ್ತಿ ಗಟ್ಟಿಯಾಗೇ ಓದು, ಅಪ್ಪಯ್ಯನೂ ಕೇಳಲಿ.

ಇವತ್ತು ಕರಿ ಸಿಪ್ಪೆ ಹೆರೆಯುವಾಗೆಲ್ಲ ನಿನ್ನ ಕಾಗದದ ಒಂದೇ ಸಾಲು. "ಗಾಯದ ಅಂಚು ಕಪ್ಪಗಾಗಿದೆ, ಸ್ವಲ್ಪ ವಾಸನೆ, ನೋವು ಮಾತ್ರ ಏನೂ ಇಲ್ವಂತೆ." ನೋವಿಲ್ಲ ಅಂತ ನೀನು ಸಮಾಧಾನಕ್ಕೆ ಬರೆದಿದೀಯ. ನನಗೆ ಹೆದರಿಕೆ ಆಗಿದ್ದು ಅದಕ್ಕೇ. ಹದಿನಾಲ್ಕು ವರ್ಷದ ಸಕ್ಕರೆ ಅವರದ್ದು. ಪಾದದ ನರಗಳು ಜಡ ಆಗಿರ್ತಾವೆ, ಚುಚ್ಚಿದ್ದು ತಿಳಿಯಲ್ಲ, ಬಿಸಿ ತಿಳಿಯಲ್ಲ. ಅಂಗಳದಲ್ಲಿ ಅಡಿಕೆ ಹರವುವಾಗ ದಬ್ಬೆಯ ಸಿಬರು ಹೊಕ್ಕಿದ್ದು ಮೂರು ದಿನ ಆದ ಮೇಲೆ ನೀನು ನೋಡಿ ಹೇಳಿದ್ದು ಅಂದ್ರೆ ಅರ್ಥ ಅದೇ ಅಲ್ವ? ಇಲ್ಲಿ ಒಬ್ಬರ ಬೂಟಿನೊಳಗೆ ಬಾಟಲಿ ಮುಚ್ಚಳ ಬಿದ್ದಿತ್ತು, ಇಡೀ ದಿನ ಅದರ ಮೇಲೇ ನಡೆದಾಡಿದ್ರು. ಸಂಜೆ ನಾನು ಬೂಟು ಬಿಚ್ಚಿದಾಗ ಪಾದದಲ್ಲಿ ಅದರ ಅಚ್ಚು ಬಿದ್ದಿತ್ತು, ರಕ್ತ ಸಮೇತ. ಅವರು ಕೇಳ್ತಾರೆ, ಏನಾಯ್ತು ಅಂತ.

ದಿನಾ ಬೆಳಿಗ್ಗೆ ಆರು ಗಂಟೆಗೆ ನನ್ನ ಕೆಲಸ ಶುರುವಾಗೋದೇ ಕಾಲಿನಿಂದ. ಒಬ್ಬೊಬ್ಬರ ಕಾಲೂ ಮಡಿಲಲ್ಲಿ ಇಟ್ಕೊಂಡು ಬೆರಳಿನ ಸಂದಿ ಸಂದಿ ನೋಡ್ತೀನಿ, ಒರೆಸ್ತೀನಿ, ಹಿಮ್ಮಡಿ ಒಡೆದಿದೆಯಾ ಅಂತ ಸವರಿ ನೋಡ್ತೀನಿ. ಸಕ್ಕರೆಯವರ ಉಗುರು ತೆಗೆಯಕ್ಕೆ ಅಂತಲೇ ಓದಿಕೊಂಡವರು ಬೇರೆ ಬರ್ತಾರೆ ಇಲ್ಲಿ, ಪೊಡೊಲೊಗ್ ಅಂತ. ಡಾಕ್ಟರು ಚೀಟಿ ಬರೆದ್ರೆ ದುಡ್ಡು ವಿಮೆಯವರು ಕೊಡ್ತಾರೆ. ಉಗುರು ಕತ್ತರಿಸಕ್ಕೂ ಓದಬೇಕಾ ಅಂತ ಮೊದಲು ನಾನೂ ನಕ್ಕಿದ್ದೆ. ಮೊಣಕಾಲಿನ ಕೆಳಗೆ ಇಲ್ಲದವರನ್ನ ದಿನಾ ಗಾಲಿಕುರ್ಚಿಗೆ ಎತ್ತಿ ಕೂರಿಸ್ತಾ ಕೂರಿಸ್ತಾ ನಗು ನಿಂತು ಹೋಯ್ತು. ಯಾರ್‍ಯಾರದ್ದೋ ಕಾಲು ತೊಳೆದು ಪಟ್ಟಿ ಕಟ್ಟಿ ಬರ್ತೀನಿ, ನಮ್ಮನೇಲಿ ಮೂರು ವಾರದಿಂದ ಗಾಯ, ನನಗೇ ಗೊತ್ತಿಲ್ಲ.

ಅಪ್ಪಯ್ಯಾ, ಇನ್ನು ನಿಮಗೇ. ಅಮ್ಮನ ಮೇಲೆ ಸಿಟ್ಟು ಮಾಡಬೇಡಿ, ಬರೆಸಿದ್ದು ನಾನೇ ಅನ್ಕೊಳ್ಳಿ. ಅರಿಶಿನ ಸುಣ್ಣ ಹಚ್ಚೋದು ಇವತ್ತಿಗೇ ನಿಲ್ಲಿಸಿ. ಬಿಸಿನೀರಲ್ಲಿ ಕಾಲು ಇಳಿಬಿಟ್ಟು ಕೂರಬೇಡಿ, ಸುಟ್ಟರೂ ನಿಮಗೆ ಗೊತ್ತಾಗಲ್ಲ. ಮುಲಾಮಿಗಿಂತ ಮುಖ್ಯ ಆ ಕಾಲು ಊರದೇ ಇರೋದು. ಗಾಯ ಹೆಬ್ಬೆರಳ ಬುಡದಲ್ಲಿ, ಇಡೀ ಮೈಭಾರ ಬೀಳೋ ಜಾಗ. ನೀವು ಊರಿದಷ್ಟೂ ಅದು ಒಳಗೆ ಹೋಗ್ತಾ ಇರತ್ತೆ. ಕೊಯ್ಲು ಮುಗೀಲಿ ಆಮೇಲೆ ಹೋಗಣ ಅಂತೀರಂತೆ. ಗೊನೆ ಇನ್ನೊಂದು ವಾರ ಮರದ ಮೇಲಿದ್ರೆ ಗೋಟು ಅಡಿಕೆ ಆಗತ್ತೆ, ರೇಟು ಕಮ್ಮಿ ಸಿಗತ್ತೆ, ಅಷ್ಟೇ ತಾನೆ. ಮಂಜ ಇದಾನೆ, ಭಾವ ಬರ್ತಾರೆ.

ನಿಮಗೆ ಬೇರು ಎಲೆ ಅಂದ್ರೆ ನಂಬಿಕೆ ಜಾಸ್ತಿ, ಅದಕ್ಕೇ ಒಂದು ಮಾತು. ನಾನು ಇವತ್ತು ಸೂಪು ಮಾಡಿದ ಬೇರಿಗೆ ಶಾಸ್ತ್ರದ ಹೆಸರು ಸ್ಕಾರ್ಜೊನೆರಾ. ಸ್ಪೇನ್ ಕಡೆಯಲ್ಲಿ ಮಂಡಲದ ಹಾವಿನ ಜಾತಿಗೆ ಇರೋ ಹೆಸರಿಂದ ಬಂದಿದ್ದು ಅಂತಾರೆ. ಹಿಂದೆ ಹಾವು ಕಚ್ಚಿದವರಿಗೆ ಇದೇ ಮದ್ದು ಅಂತ ನಂಬಿದ್ರು. ಈಗ ಅಲ್ಲೂ ಹಾವು ಕಚ್ಚಿದ್ರೆ ಯಾರೂ ಸೂಪು ಕುಡೀತಾ ಕೂರಲ್ಲ, ಆಸ್ಪತ್ರೆಗೆ ಓಡ್ತಾರೆ. ಬೇರು ಊಟಕ್ಕೆ ಇಟ್ಕೊಂಡಿದಾರೆ. ನೀವೂ ಆ ಗಿಡ ನೋಡಕ್ಕೆ ಇಟ್ಕೊಳ್ಳಿ, ಕೀಳಿ ಅನ್ನಲ್ಲ. ಮಾತ್ರೆ ಮಾತ್ರ ಡಾಕ್ಟರು ಹೇಳಿದ ಹಾಗೆ ತಗೊಳ್ಳಿ.

ಭಾವನ ಹತ್ರ ಸಂಜೆಯೇ ಮಾತಾಡಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಕಾರು ತರ್ತಾರೆ. ತೀರ್ಥಹಳ್ಳಿಯಲ್ಲಿ ಪಟ್ಟಿ ಬದಲಾಯಿಸ್ಕೊಂಡು ವಾಪಸ್ ಬರೋ ಯೋಚನೆ ಬೇಡ, ಸೀದಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ. ಅವರು ಬೇಡ ದೊಡ್ಡ ಕಡೆ ಹೋಗಿ ಅಂದ್ರೆ ಮಣಿಪಾಲ. ಹೋದ ಕೂಡಲೇ ಎಕ್ಸ್‌ರೇ ಮಾಡಿಸ್ತಾರೆ, ಮೂಳೆಗೆ ಇಳಿದಿದೆಯಾ ಅಂತ ನೋಡಕ್ಕೆ. ಪಾದದಲ್ಲಿ ರಕ್ತ ಓಡ್ತಿದೆಯಾ ಅಂತಲೂ ನೋಡಲಿ, ಮೂರು ತಿಂಗಳ ಸಕ್ಕರೆ ಹೇಳೋ ಪರೀಕ್ಷೇನೂ ಮಾಡಿಸಲಿ. ಮರೆತರೆ ಭಾವ ಕೇಳ್ತಾರೆ, ಬರೆದು ಕಳಿಸಿದೀನಿ. ಸೇರ್ಕೊಳ್ಳಿ ಅಂದ್ರೆ ಎರಡನೇ ಮಾತಿಲ್ಲದೆ ಸೇರ್ಕೊಳ್ಳಿ. ಆಯುಷ್ಮಾನ್ ಕಾರ್ಡು ಮತ್ತೆ ರೇಷನ್ ಕಾರ್ಡು ಅಮ್ಮನ ಟ್ರಂಕಲ್ಲಿ ಹಳೇ ಫೋಟೋ ಕವರಿನೊಳಗೆ ಇದೆ. ದುಡ್ಡಿನ ಮಾತೇ ಬೇಡ. ಸುಮಕ್ಕನ ಖಾತೆಗೆ ಅರವತ್ತು ಸಾವಿರ ಹಾಕಿದೀನಿ. ಸಾಲದಿದ್ರೆ ಇನ್ನೂ ಇದೆ, ನನ್ನ ಹತ್ರ ಏನೂ ಕಮ್ಮಿ ಇಲ್ಲ, ಬೇರಿಗೆ ಐದು ಯೂರೋ ಕೊಡೋಳು ನಾನು! ಗುಣ ಆದ ಮೇಲೆ ಬರಿಗಾಲು ಬೇಡ, ಅಂಗಳದಲ್ಲೂ ಬೇಡ. ಎಂ.ಸಿ.ಆರ್. ಚಪ್ಪಲಿ ಅಂತ ಸಿಗತ್ತೆ, ಮೆತ್ತಗೆ ಇರತ್ತೆ, ಭಾವ ಕೊಡಿಸ್ತಾರೆ. ಒಳಗೆ ಕಲ್ಲು ಗಿಲ್ಲು ಇದೆಯಾ ಅಂತ ಕೈ ಹಾಕಿ ನೋಡಿಯೇ ಮೆಟ್ಟಿಕೊಳ್ಳಬೇಕು.

ಅಮ್ಮ, ಹೆದರ್ಕೊಬೇಡ. ಇಂಥ ಗಾಯ ಬೇಗ ತೋರಿಸಿದ್ರೆ ವಾಸಿಯಾಗತ್ತೆ, ಎಷ್ಟೋ ಜನರದ್ದು ನಾನೇ ನೋಡಿದೀನಿ. ಏನೂ ಆಗಲ್ಲ. ಖಂಡಿತ ಏನೂ ಆಗಲ್ಲ. ನಾನೂ ಧೈರ್ಯವಾಗೇ ಇದೀನಿ, ಚೆನ್ನಾಗಿ ನಿದ್ದೆ ಮಾಡ್ತಿದೀನಿ, ಇವತ್ತು ಎರಡು ಬಟ್ಟಲು ಸೂಪು ಕುಡಿದೆ, ಮೇಲೆ ಅನ್ನ ಮಜ್ಜಿಗೆನೂ ಉಂಡೆ. ಬೇಕಾದ್ರೆ ರಜೆ ಹಾಕಿ ಬರ್ತೀನಿ, ಕೇಳಿ ಇಟ್ಟಿದೀನಿ, ಆದ್ರೆ ಬರೋ ಅಗತ್ಯ ಬೀಳಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅವರು ಆಸ್ಪತ್ರೇಲಿದ್ದಾಗ ನೀನು ಉಪವಾಸ ಕೂರಬೇಡ, ಆ ಅಭ್ಯಾಸ ನಿನಗಿದೆ.

ಹನ್ನೊಂದೂವರೆ ಆಯ್ತು, ಬೆಳಿಗ್ಗೆ ಐದಕ್ಕೆ ಬಸ್ಸು. ಅಜ್ಜಿ ಡಬ್ಬಿ ಇನ್ನೂ ತುಂಬಿಲ್ಲ. ಪುಟ್ಟಂಗೆ ಚಾಕಲೇಟು ಮುಂದಿನ ಪಾರ್ಸಲ್ಲಿಗೆ. ಸುಬ್ಬಣ್ಣ ಮಾವಂಗೆ ನಮಸ್ಕಾರ ಹೇಳು.

ನಾಳೆ ಕಾರು ಹತ್ತೋ ಮುಂಚೆ ಪಟ್ಟಿ ಬಿಚ್ಚಿ ಕಾಲಿನ ಫೋಟೋ ತೆಗೆದು ಕಳಿಸಕ್ಕೆ ಸುಮಕ್ಕಂಗೆ ಹೇಳು. ಹಗಲು ಬೆಳಕಲ್ಲಿ, ಹತ್ರದಿಂದ, ಅಂಚು ಕಾಣೋ ಹಾಗೆ. ಈ ಸಲ ಕೈ ಅಡ್ಡ ಬರಬಾರದು.

ನಿನ್ನ ಮಗಳು
ವೀಣಾ